ನಗಾರಾ ಛಾಪ್ ಬಾರೂದು

ಕಲಬುರಗಿಯ ಬ್ರಹ್ಮಪುರದ ಖಮರುದ್ದೀನ್ ಸಾಹೇಬರ ಮನೆಯಲ್ಲಿ ಒಂದು ಬಂದೂಕಿದೆ ಎಂಬುದು ಇಡೀ ಓಣಿಗೆ ಗೊತ್ತು. ಗೊತ್ತಾಗದೆ ಇರಲು ಸಾಹೇಬರು ಬಿಟ್ಟರೆ ತಾನೇ! ಅವರ ಅಜ್ಜನ ಕಾಲದ ಭರಮಾರ್ ಬಂದೂಕು ಅದು. ನಳಿಗೆಯ ಬಾಯಿಂದಲೇ ಬಾರೂದು, ಅಂದರೆ ಮದ್ದಿನ ಪುಡಿ, ತುಂಬಿ ಹೊಡೆಯಬೇಕು. ಅದು ಹೊಡೆದದ್ದನ್ನು ಈಗ ಬದುಕಿರುವವರು ಯಾರೂ ಕಂಡಿಲ್ಲ. ಆದರೆ ಅದು ಮೆರವಣಿಗೆ ಹೋಗುವುದನ್ನು ಎಲ್ಲರೂ ಕಂಡಿದ್ದಾರೆ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಪೊಲೀಸ್ ಠಾಣೆಗೆ ಜಮಾ ಮಾಡಬೇಕೆಂಬ ಕಾಯಿದೆ ಇದೆಯಲ್ಲ, ಉಳಿದ ಬಂದೂಕುದಾರರು ಅದನ್ನು ಶಪಿಸುತ್ತಾರೆ. ನಮ್ಮ ಸಾಹೇಬರಿಗೆ ಅದೇ ಹಬ್ಬ. ಠಾಣೆಯಿಂದ ನೋಟೀಸು ಬಂದ ದಿನ ಶೇರವಾನಿ ಹೊರಗೆ ಬರುತ್ತದೆ. ಹೆಂಡತಿ ಹಲೀಮಾಳ ಹಳೆಯ ಶಾಲಿನಲ್ಲಿ ಬಂದೂಕನ್ನು ಸುತ್ತಿ, ಹಿಂದಿನ ಓಣಿಯಿಂದ ಹೋದರೆ ಐದು ನಿಮಿಷದ ದಾರಿಯನ್ನು ಮುಂದಿನ ಬಜಾರಿನಿಂದ ಮುಕ್ಕಾಲು ತಾಸು ನಡೆಯುತ್ತಾರೆ. "ಏನ್ರೀ ಸಾಹೇಬ್ರ, ಎಲ್ಲಿಗೆ?" ಎಂದು ಯಾರಾದರೂ ಕೇಳುವವರೆಗೆ ನಿಲ್ಲುತ್ತಾರೆ. ಕೇಳಿದ ಮೇಲೆ, "ಏನ್ಮಾಡೋದ್ರೀ, ಸರಕಾರಕ್ಕ ನಮ್ಮಂಥವ್ರದ್ದು ಅಂಜಿಕಿ" ಎಂದು ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾರೆ. ಲೋಕಸಭೆ, ವಿಧಾನಸಭೆ, ಜಿಲ್ಲಾ ಪಂಚಾಯತಿ, ಪಾಲಿಕೆ ಎಲ್ಲ ಸೇರಿ ಮೂವತ್ತೊಂದು ಸಲ ಈ ಮೆರವಣಿಗೆ ನಡೆದಿದೆ. ಮೂವತ್ತೊಂದೂ ರಸೀದಿಗಳು ಒಂದು ಫೈಲಿನಲ್ಲಿ ನಂಬರಿನ ಪ್ರಕಾರ ಇವೆ.

ಇದಕ್ಕೊಂದು ಕಾರಣವಿದೆ, ನಗಬೇಡಿ. ಸಾಹೇಬರು ಮೂವತ್ತಾರು ವರ್ಷ ನೀರು ಸರಬರಾಜು ಕಚೇರಿಯ ಆವಕ-ಜಾವಕ ಶಾಖೆಯಲ್ಲಿದ್ದವರು. ಬೇರೆಯವರಿಗೆ ಬಂದ ಪತ್ರಗಳ ಮೇಲೆ ನಂಬರು ಹಾಕುವುದೇ ಕೆಲಸ. ಅವರ ಹೆಸರಿಗೇ ಎಂದು ಬರುತ್ತಿದ್ದ ಸರಕಾರಿ ಪತ್ರ ಒಂದೇ, ಅದು ಈ ನೋಟೀಸು. ನಿವೃತ್ತಿಯಾದ ಮೇಲಂತೂ ಅವರನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಹಲೀಮಾಳೂ ಕರೆಯುವುದಿಲ್ಲ. ಅವಳು "ಅಜೀ" ಎನ್ನುತ್ತಾಳೆ.

ಬಂದೂಕಿನ ಜೊತೆಗೆ ಅಜ್ಜ ಬಿಟ್ಟುಹೋದದ್ದು ಒಂದು ತಗಡಿನ ಡಬ್ಬಿ. ಮುಚ್ಚಳದ ಮೇಲೆ ನಗಾರಿ ಬಾರಿಸುವವನ ಚಿತ್ರ, ಕೆಳಗೆ ಉರ್ದುವಿನಲ್ಲಿ 'ನಗಾರಾ ಛಾಪ್ ಬಾರೂದ್'. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಸಾಹೇಬರು ಆ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಮೂಸುತ್ತಾರೆ. ಕಪ್ಪು ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಆಮೇಲೆ ದತ್ತಪ್ಪನ ಚಹಾದಂಗಡಿಗೆ ಹೋಗಿ ಉಪನ್ಯಾಸ ಕೊಡುತ್ತಾರೆ.

"ಈಗಿನ ಬಾರೂದೇನು ಬಾರೂದೋ ದತ್ತಪ್ಪ! ಪ್ಲಾಸ್ಟಿಕ್ ಚೀಲದಾಗ ಬರ್ತದ. 'ನ್ಯೂ ಧಡಾಕಾ ಗೋಲ್ಡ್' ಅಂತ ಹೆಸರು ಬ್ಯಾರೆ. ನಮ್ಮ ದಾದಾನ ನಗಾರಾ ಛಾಪ್ ಮೂಸಿ ನೋಡು, ಲವಂಗದ ಘಮಘಮ!"

"ಬಾರೂದಿಗಿ ಲವಂಗದ ವಾಸನಿ ಬರ್ತದೇನ್ರೀ?" ದತ್ತಪ್ಪ ಚಹಾ ಸೋಸುವುದನ್ನು ನಿಲ್ಲಿಸಿ ಕೇಳಿದ.

"ಹಳೀ ಮಾಲು ಅಂದ್ರ ಹಂಗೇ. ಮತ್ತ ಅದರ ಬರಕತ್ ನೋಡು. ಹೊಸದು ಮಳಿಗಾಲಕ್ಕ ತಂಪು ಹಿಡದು ಗಂಟು ಕಟ್ತದ. ನಮ್ಮದು ಇಷ್ಟು ವರ್ಷ ಆತು, ಒಂದು ಚಿಟಿಕಿ ಇಳದಿಲ್ಲ. ಒಮ್ಮೊಮ್ಮಿ ಏರಿರ್ತದ!"

ಕೂತಲ್ಲೇ ಏರುವ ಬಾರೂದಿನ ಮಾತು ಕೇಳಿ ದತ್ತಪ್ಪ ಬಾಯಿ ತೆರೆದ. ಗೌರವದಿಂದ ಅರ್ಧ ಕಪ್ ಹೆಚ್ಚಿಗೆ ಸುರಿದ. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರೆ. ಸಾಹೇಬರ ಕೊಡ ಎಷ್ಟು ತುಂಬಿತ್ತೆಂಬುದು ಮುಂದೆ ಗೊತ್ತಾಗುತ್ತದೆ.

ಹೀಗಿರುವಾಗ ಚುನಾವಣೆಯೇ ಇಲ್ಲದ ಹೊತ್ತಿನಲ್ಲಿ ಠಾಣೆಯಿಂದ ನೋಟೀಸು ಬಂತು. ಸಾಹೇಬರು ಹಿಗ್ಗಿ ಹೀರೇಕಾಯಿಯಾಗಿ ಶೇರವಾನಿ ಹಾಕಿಕೊಂಡು ಹೋದರು. ಕಮಲಾಪುರದಲ್ಲಿ ಅವರಿಗೆ ಅರ್ಧ ಎಕರೆ ಕೆಂಪು ಬಾಳೆಯ ತೋಟವಿದೆ. ಅದನ್ನು ಪಾಲಿಗೆ ಮಾಡುವ ಮಾಪಣ್ಣನನ್ನೂ ಕರೆದುಕೊಂಡು ಬರಲು ನೋಟೀಸಿನಲ್ಲಿ ಬರೆದಿತ್ತು. ಆ ತೋಟದ ಹೆಸರಿನಲ್ಲೇ, ಹಂದಿ ಮಂಗಗಳಿಂದ ಬೆಳೆ ಕಾಯಲು ಅಂತ, ಬಂದೂಕಿನ ಲೈಸೆನ್ಸು ಇದ್ದದ್ದು.

ಠಾಣೆಗೆ ಹೊಸದಾಗಿ ಬಂದಿದ್ದ ಪಿಎಸ್‌ಐ ರಮಾಬಾಯಿ ಫೈಲು ತಿರುವಿದರು. "ಲೈಸೆನ್ಸ್ ನವೀಕರಣಕ್ಕ ನಾ ರಿಪೋರ್ಟ್ ಕೊಡಬೇಕ್ರಿ. ಈ ಬಂದೂಕು ಕಡೀಕ ಯಾವಾಗ ಹೊಡದೀರಿ?"

ಸಾಹೇಬರು ಫ್ಯಾನು ನೋಡಿದರು. "ಹಂಗ ಲೆಕ್ಕ ಇಟ್ಟಿಲ್ರೀ ಮೇಡಮ್."

"ಅಷ್ಟು ಸಲಾ ಹೊಡದೀರಿ?"

"ಇಲ್ರೀ ಮೇಡಮ್," ಎಂದ ಮಾಪಣ್ಣ. ಸುಳ್ಳು ಹೇಳಲು ಬರುವುದಿಲ್ಲ ಎಂಬುದೊಂದೇ ಅವನ ಐಬು. "ಅವ್ರು ಒಮ್ಮಿನೂ ಹೊಡದಿಲ್ರೀ. ನಂದೂ ಒಂದು ಲೈಸೆನ್ಸಿನ ಬಂದೂಕ ಅದ, ಹಂದಿ ಬಂದ್ರ ನಾನೇ ಸಪ್ಪಳ ಮಾಡಿ ಓಡಸ್ತೀನ್ರೀ."

ಸಾಹೇಬರಿಗೆ ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಒಂದು ಮಾತೂ ಬಂತು. ಅದನ್ನು ನುಂಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಹೊಡದಿಲ್ಲ, ಖರೇ. ಯಾಕಂದ್ರ ಇಂವ ತರೋದು ಆ ಧಡಾಕಾ ಗೋಲ್ಡ್. ಅಂಥಾದ್ದು ನಮ್ಮ ಬಂದೂಕಿಗಿ ಹಾಕಿದ್ರ ಬಂದೂಕಿಗೇ ಅವಮಾನ ರೀ. ನಗಾರಾ ಛಾಪ್ ಹಾಕಿ ಹೊಡದೆ ಅಂದ್ರ ಕಮಲಾಪುರದ ಸಪ್ಪಳ ಹುಮನಾಬಾದಕ್ಕ ಕೇಳಸ್ತದ."

ರಮಾಬಾಯಿ ಪೆನ್ನು ಕೆಳಗಿಟ್ಟರು. ಮೂಲೆಯಲ್ಲಿ ಕೂತಿದ್ದ ಠಾಣೆಯ ರೈಟರ್ ಕಪಿಲನೂ ಬರೆಯುವುದನ್ನು ನಿಲ್ಲಿಸಿದ.

"ಛಲೋ ಆತು," ಎಂದರು ರಮಾಬಾಯಿ. "ಬರೋ ಆದಿತ್ಯವಾರ ನಾ ಕಮಲಾಪುರಕ್ಕ ಬರ್ತೀನಿ. ಹಳೀದು, ಹೊಸದು, ಎರಡೂ ಹೊಡದು ತೋರಸ್ರಿ. ಗುಂಡು ಬ್ಯಾಡ, ಬರೇ ಸಪ್ಪಳ. ನಿಮ್ಮ ಬಂದೂಕು ನಿಮ್ಮ ಕೈಯಾಗ ಸಪ್ಪಳ ಮಾಡ್ತು, ಲೈಸೆನ್ಸ್ ಮುಂದುವರೀತದ. ಮಾಡಲಿಲ್ಲ, ಬಂದೂಕು ಖಾಯಂ ಜಮಾ."

ಖಾಯಂ ಜಮಾ! ಹಾಗೆಂದರೆ ಇನ್ನು ನೋಟೀಸಿಲ್ಲ, ಶೇರವಾನಿಯಿಲ್ಲ, ಬಜಾರಿನಲ್ಲಿ "ಎಲ್ಲಿಗೆ ಸಾಹೇಬ್ರ" ಇಲ್ಲ. ಸಾಹೇಬರು ಹಿಂದೆ ಸರಿಯಬಹುದಿತ್ತು. ಆದರೆ ಮೀಸೆಯ ಮೇಲೆ ಕೈ ಹೋಗಿಬಿಟ್ಟಿತ್ತು, ಇಳಿಸಲು ಆಗಲಿಲ್ಲ.

ಮನೆಯಲ್ಲಿ ಗಂಡ ಹೆಂಡತಿ ಜಗಳವಾಡುವುದು ದಖ್ಖನಿ ಉರ್ದುವಿನಲ್ಲಿ. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ, ಖಾರ ಮಾತ್ರ ಅಷ್ಟೇ ಇದೆ. ಸಾಹೇಬರು ಅಲಮಾರಿಯಿಂದ ಡಬ್ಬಿ ಇಳಿಸುವಾಗ ಹಲೀಮಾ ಅಡುಗೆಮನೆಯಿಂದ ಓಡಿ ಬಂದಳು.

"ಅಜೀ, ಅದನ್ನ ಎಲ್ಲಿಗಿ ಒಯ್ಯಾಕತ್ತೀರಿ?"

"ಜಂಗಿಗೆ, ಲಡಾಯಿಗೆ."

"ಅಜೀ, ಆ ಡಬ್ಬಿದ್ದು ಒಂದು ಮಾತದ..."

"ಬಾರೂದಿನ ವಿಷಯದಾಗ ಹೆಂಗಸರು ಮಾತಾಡಬಾರದು."

"ಸುನೋ ತೋ! ಆಸ್ಫಿಯಾ ತೆವಳೋ ಕೂಸಿದ್ದಾಗ ಒಮ್ಮಿ..."

"ಮಗಳು ಈಗ ಎರಡು ಮಕ್ಕಳ ತಾಯಿ ಆಗ್ಯಾಳ. ಆಕೀ ತೆವಳಿದ್ದು ಈಗ್ಯಾಕ?"

ಹಲೀಮಾ ಮೂರನೆಯ ಸಲ ಬಾಯಿ ತೆರೆದಳು. ಸಾಹೇಬರು ಡಬ್ಬಿಯ ಮುಚ್ಚಳ ತೆಗೆದು ಅವಳ ಮೂಗಿನ ಮುಂದೆ ಹಿಡಿದು, "ವಾಸನಿ ನೋಡು! ಇದನ್ನ ಮಾಡಿದ ಕೈ ಎಂಥಾದ್ದಿರಬೇಕು!" ಎಂದರು. ಹಲೀಮಾ ಬಾಯಿ ಮುಚ್ಚಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ ಕೈಯ ಯಾವುದನ್ನೂ ಸಾಹೇಬರು ಹೀಗೆ ಹೊಗಳಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನಾನೂ ಬರ್ತೀನಿ ಕಮಲಾಪುರಕ್ಕ" ಎಂದಷ್ಟೇ ಹೇಳಿದಳು.

ಆದಿತ್ಯವಾರ ಬಾಳೆಯ ತೋಟದಲ್ಲಿ ಜನ ಜಾತ್ರೆಯಾಗಿತ್ತು. ಸುದ್ದಿ ಕಲಬುರಗಿಯಿಂದ ಬಸ್ಸಿಗಿಂತ ಮೊದಲೇ ಬಂದಿತ್ತು. ಹಳೆಯದು ಗೆಲ್ಲುತ್ತದೆ ಎನ್ನುವವರು ಬಾವಿಯ ಕಡೆ ಕೂತಿದ್ದರು, ಹೊಸದು ಗೆಲ್ಲುತ್ತದೆ ಎನ್ನುವವರು ಬದುವಿನ ಮೇಲೆ. ದತ್ತಪ್ಪ ಅಂಗಡಿ ಮುಚ್ಚಿ, ಚಹಾದ ಕೆಟಲಿನ ಸಮೇತ ಬಂದಿದ್ದ. ಮಾಪಣ್ಣನ ತಾಯಿ ಮಾನಮ್ಮ ಎಂಬತ್ತು ದಾಟಿದ ಮುದುಕಿ. ಬಾಯಲ್ಲಿ ಉಳಿದದ್ದು ಎರಡೇ ಹಲ್ಲಾದರೂ ಎರಡೂ ಥಳಥಳ. ಆಕೆ ಎಲ್ಲರಿಗೂ ಕೆಂಪು ಬಾಳೆಹಣ್ಣು ಹಂಚುತ್ತಿದ್ದಳು. ದೂರದ ಗೊನೆಯ ಮೇಲೆ ಒಂದು ಮುಸುವ ಯಾರೂ ಹಂಚದೆಯೇ ತಿನ್ನುತ್ತಿತ್ತು.

ಜೀಪಿನಿಂದ ರಮಾಬಾಯಿಯೂ ಕಪಿಲನೂ ಇಳಿದರು. ಮೊದಲು ಹೊಸದರ ಸರದಿ. ಮಾಪಣ್ಣ ತನ್ನ ಬಂದೂಕಿಗೆ ನ್ಯೂ ಧಡಾಕಾ ಗೋಲ್ಡ್ ತುಂಬಿ, ಆಕಾಶಕ್ಕೆ ಹಿಡಿದು ಹೊಡೆದ. ಢಮ್ ಎಂಬ ಸಪ್ಪಳಕ್ಕೆ ಕಾಗೆಗಳೆಲ್ಲ ಎದ್ದವು, ಮುಸುವ ಪಕ್ಕದ ತೋಟಕ್ಕೆ ಹಾರಿತು. ಹೊಗೆ ಇಳಿದ ಮೇಲೆ ನೋಡಿದರೆ ಖಮರುದ್ದೀನ್ ಸಾಹೇಬರು ಇಲ್ಲ.

"ಸಾಹೇಬ್ರು ಎಲ್ಲಿ?" ಎಂದರು ರಮಾಬಾಯಿ.

ಸಾಹೇಬರು ನೀರಿನ ಕಾಲುವೆಯೊಳಗಿಂದ ಎದ್ದು ಬಂದರು. ಶೇರವಾನಿ ಮೊಣಕಾಲಿನವರೆಗೆ ಕೆಸರು. "ಇಲ್ಲೇ ಕೆಳಗ ಕುಂತು ಕೇಳಿದ್ನಿ ರೀ. ನೆಲದ ಹತ್ರ ಸಪ್ಪಳದ ಗುಣ ಗೊತ್ತಾಗ್ತದ," ಎಂದು ಕಿವಿಯಲ್ಲಿ ಬೆರಳಿಟ್ಟುಕೊಂಡೇ ತೀರ್ಪು ಕೊಟ್ಟರು. "ಸಪ್ಪಳ ಅದ, ಇಲ್ಲನ್ನಲ್ಲ. ಆದ್ರ ಹೊಗಿ ಮಂದ. ವಾಸನಿ ಅಂತೂ ಕೊಳತ ತತ್ತಿದ್ದು. ಈಗ ನೋಡ್ರಿ!"

ಡಬ್ಬಿಯ ಮುಚ್ಚಳ ತೆರೆಯಿತು. ಲವಂಗದ ಪರಿಮಳ ತೋಟದ ತುಂಬ ಹರಡಿತು. ಬಾವಿಯ ಕಡೆಯವರು "ವ್ಹಾ! ವ್ಹಾ!" ಎಂದರು. ಹಲೀಮಾ ಮಾತ್ರ ಬಾಳೆಯ ಎಲೆಯ ಹಿಂದೆ ಸರಿದು ನಿಂತಳು. ಮಾಪಣ್ಣ ತುಂಬಿಕೊಟ್ಟ. ಸಾಹೇಬರು ಬಿಸ್ಮಿಲ್ಲಾ ಎಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಪಕ್ಕಕ್ಕೆ ತಿರುಗಿಸಿ, ಕುದುರೆ ಎಳೆದರು.

ಟಕ್.

ಜನ ಕಾದರು. ಕಾಗೆಗಳು ವಾಪಸು ಬಂದು ಕೂತವು.

"ಹಳೀ ಮಾಲು," ಎಂದರು ಸಾಹೇಬರು, ಒಂದು ಕಣ್ಣು ಬಿಟ್ಟು. "ಎಚ್ಚರ ಆಗ್ಲಿಕ್ಕಿ ಹೊತ್ತು ಹಿಡೀತದ."

ಎರಡನೆಯ ಸಲ, ಟಕ್. ಮುಸುವ ಮೆಲ್ಲಗೆ ಅದೇ ಗೊನೆಗೆ ಮರಳಿ ಬಂತು. ಮೂರನೆಯ ಸಲವೂ ಟಕ್ ಎಂದಾಗ ಅದು ತಲೆ ಕೂಡ ಎತ್ತಲಿಲ್ಲ. ಸಾಹೇಬರು ಬಿಸಿಲನ್ನು ಬೈದರು, ಗಾಳಿಯನ್ನು ಬೈದರು, ಮಾಪಣ್ಣ ತುಂಬಿದ ರೀತಿಯನ್ನು ಬೈದರು. ಕುಣಿಯಲು ಬಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ನೆಲವನ್ನೂ ಬೈದಾಗಿತ್ತು, ಕಾಲುವೆ ಯಾಕೆ ಅಷ್ಟು ಹತ್ತಿರ ತೋಡಿದ್ದೆಂದು.

ಆಗ ಮಾನಮ್ಮ ಕೋಲೂರಿಕೊಂಡು ಬಂದಳು. ಡಬ್ಬಿಯೊಳಗೆ ಬೆರಳು ಹಾಕಿದಳು. ಪೊಲೀಸರು "ಏ ಅಜ್ಜಿ, ಬಾರೂದದ!" ಎಂದು ಕೂಗುವಷ್ಟರಲ್ಲಿ ಬೆರಳು ಬಾಯಿಗೆ ಹೋಗಿತ್ತು. ಎರಡು ಹಲ್ಲುಗಳನ್ನೂ ಮುಂದೆ ಹಿಂದೆ ನಿಧಾನವಾಗಿ ತಿಕ್ಕಿದಳು. ಅಷ್ಟೂ ಜನ ಉಸಿರು ಹಿಡಿದು ನೋಡಿದರು. ಮುದುಕಿ ಪಿಚಕ್ಕನೆ ಉಗುಳಿ ಹೇಳಿದಳು:

"ಬಾದಾಮಿ ಸಿಪ್ಪಿ ಸುಟ್ಟಿದ್ದು. ಉಪ್ಪು, ಲವಂಗ. ಛಲೋ ಕುಟ್ಯಾಳ ಯಾವಾಕಿನೋ. ಹಲ್ಲಪುಡಿ ಅದೋ ಯಪ್ಪಾ ಇದು!"

ಆಮೇಲೆ ನಡೆದದ್ದನ್ನು ವಿವರವಾಗಿ ಬರೆಯಲು ಮನಸ್ಸಿಲ್ಲ. ಬದುವಿನ ಮೇಲಿದ್ದವರು ಉರುಳಾಡಿ ನಕ್ಕರು. ಬಾವಿಯ ಕಡೆಯವರು ಬದುವಿಗೆ ಬಂದು ನಕ್ಕರು. ದತ್ತಪ್ಪ ಇಷ್ಟು ವರ್ಷ ಅರ್ಧ ಕಪ್ ಹೆಚ್ಚಿಗೆ ಸುರಿದದ್ದನ್ನು ನೆನೆಸಿಕೊಂಡು ನಗಬೇಕೋ ಅಳಬೇಕೋ ತಿಳಿಯದೆ ಕೆಟಲು ಅಪ್ಪಿಕೊಂಡು ಕೂತ. ಕಪಿಲ ಜೀಪಿನ ಹಿಂದೆ ಹೋಗಿ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡ.

"ಹಲೀಮಾ!" ಎಂದರು ಸಾಹೇಬರು. ಹೆಸರು ಹಿಡಿದು ಕರೆದದ್ದು ಅವರೂ ಬಹಳ ವರ್ಷಕ್ಕೆ.

ಹಲೀಮಾ ಎಲೆಯ ಹಿಂದಿನಿಂದ ಬಂದಳು. "ಹೇಳಾಕ ಬಂದೆ, ನೀವು ಬಿಡಲಿಲ್ಲ. ಆಸ್ಫಿಯಾ ಒಂಬತ್ತು ತಿಂಗಳ ಕೂಸು, ಡಬ್ಬಿ ಹಿಡಕೊಂಡು ಆಡ್ಲಿಕತ್ತಿತ್ತು. ನನ್ನ ಜೀವ ಹೋಗಿ ಬಂತು. ಅವತ್ತೇ ಬಾರೂದು ನೀರಾಗ ಕಲಸಿ ಮೋರಿಗಿ ಚೆಲ್ಲಿದೆ. ಡಬ್ಬಿ ಗಟ್ಟಿ ಇತ್ತು, ಮಂಜನ್ ಹಾಕಿಟ್ಟೆ. ಇಳದಾಗೊಮ್ಮಿ ಮತ್ತ ತುಂಬತಿದ್ನಿ."

"ಮತ್ತ ಬಚ್ಚಲದಾಗಿನ ಶೀಶೆದಾಗ ಇರೋದು?"

"ಇದೇ. ದಿನಾ ಹಲ್ಲು ತಿಕ್ಕತೀರಲ್ಲ."

ಇದು ಸಾಹೇಬರಿಗೆ ಎಲ್ಲಕ್ಕಿಂತ ಜೋರಾಗಿ ನಾಟಿತು. ದಿನಾ ಬೆಳಿಗ್ಗೆ ಅದೇ ಪುಡಿಯಿಂದ ಹಲ್ಲು ತಿಕ್ಕಿ ಉಗುಳಿದ್ದಾರೆ. ಪ್ರತಿ ಶುಕ್ರವಾರ ಅದೇ ಪುಡಿಯನ್ನು ಕಣ್ಣು ಮುಚ್ಚಿ ಮೂಸಿ ದಾದಾನನ್ನು ನೆನೆದಿದ್ದಾರೆ. ಒಮ್ಮೆಯೂ ಗುರುತು ಹತ್ತಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಹೇಳಲು ಹೊರಟ ಪಂಡಿತರು ಇವರೇ!

ರಮಾಬಾಯಿ ನಗು ನುಂಗಿ, ಹತ್ತಿರ ಬಂದರು. "ಸಾಹೇಬ್ರ, ಖರೇ ಹೇಳ್ರಿ. ಮಾಪಣ್ಣನ ಬಾರೂದು ಹಾಕಿ ಈಗ ಒಮ್ಮಿ ಹೊಡೀತೀರೇನು? ಸಪ್ಪಳ ಆದ್ರ ಸಾಕು, ನಾ ಬರಕೊಂಡು ಹೋಗ್ತೀನಿ."

ಸಾಹೇಬರು ಬಂದೂಕು ನೋಡಿದರು, ಕಾಲುವೆ ನೋಡಿದರು. "ಆಗೂದಿಲ್ರೀ ಮೇಡಮ್. ನನಗ ಸಪ್ಪಳ ಅಂದ್ರ ಅಂಜಿಕಿ. ಲಗ್ನದಾಗ ಪಟಾಕಿ ಹಚ್ಚಿದ್ರ ನಾ ಒಳಗ ಹೋಗಿ ಕುಂದ್ರತೀನಿ."

"ಮತ್ತ ಬಂದೂಕು ಯಾಕ ಬೇಕು ನಿಮಗ?"

ಸಾಹೇಬರು ಕೆಸರಾದ ಶೇರವಾನಿಯ ಗುಂಡಿ ಹಿಡಿದುಕೊಂಡು ಹೇಳಿದರು. "ಎಲೆಕ್ಷನ್ ಬಂದಾಗ ನೋಟೀಸ್ ಬರ್ತದಲ್ರೀ. ಮ್ಯಾಲ ನನ್ನ ಹೆಸರಿರ್ತದ, ನನ್ನಪ್ಪನ ಹೆಸರಿರ್ತದ. ಇಷ್ಟನೇ ತಾರೀಖಿಗಿ ತಪ್ಪದೇ ಬರಬೇಕು ಅಂತ ಬರದಿರ್ತದ. ಬಂದೂಕು ಹೋದ್ರ ನನ್ನ ಯಾರು ಕರೀತಾರ್ರೀ?"

ರಮಾಬಾಯಿಯವರಿಗೆ ಪಾಪ ಅನ್ನಿಸಿತು, ಮುಖದ ಮೇಲೆ ಕಾಣುತ್ತಿತ್ತು. ಆದರೆ ರಿಪೋರ್ಟಿನ ಫಾರಂನಲ್ಲಿ ಪಾಪ ಬರೆಯುವ ಕಾಲಂ ಇಲ್ಲ. ಬಂದೂಕು ಖಾಯಂ ಜಮಾ ಆಯಿತು. ಮಡಚಿದ ಶಾಲು ಹಲೀಮಾಳ ಕೈಗೆ ಬಂತು. ಮೂವತ್ತೆರಡನೆಯ ರಸೀದಿ ತೋಟದಲ್ಲೇ, ಜೀಪಿನ ಬಾನೆಟ್ಟಿನ ಮೇಲೆ ಬರೆದದ್ದು. ಸಾಹೇಬರು ಅದನ್ನು ಫೈಲಿಗೆ ಹಾಕಿದರು. ಎಷ್ಟಾದರೂ ಆವಕ-ಜಾವಕದವರು.

ಆಮೇಲೆ ಅವರು ದತ್ತಪ್ಪನ ಅಂಗಡಿಯ ಕಡೆ ಹೋಗಲಿಲ್ಲ. ಹೋಗದಿದ್ದರೇನು, ಅಂಗಡಿಯೇ ಮನೆಗೆ ಬಂತು. ದತ್ತಪ್ಪನ ಹೆಂಡತಿ ಒಂದು ಸಣ್ಣ ಶೀಶೆ ತಂದು, "ಅಕ್ಕಾರ, ಆ ನಗಾರಾ ಛಾಪ್ ಒಂದೀಟು ಹಾಕ್ರಿ" ಎಂದಳು. ನಾಲ್ಕು ದಿನಕ್ಕೆ ಓಣಿಯ ಅರ್ಧ ಹೆಂಗಸರು ಬಂದರು. ಮಾನಮ್ಮನ ಸರ್ಟಿಫಿಕೇಟೆಂದರೆ ಸುಮ್ಮನೆಯೇ! ಎರಡು ಹಲ್ಲಿನ ಮೇಲೆ ಎಂಬತ್ತು ವರ್ಷ ನಿಂತವಳು. ಸಾಹೇಬರು ಮೂಲೆಯಲ್ಲಿ ಕೂತು ಬಾದಾಮಿಯ ಸಿಪ್ಪೆ ಕುಟ್ಟುವ ಕೆಲಸಕ್ಕೆ ಹತ್ತಿದರು. ಕುಟ್ಟುವಾಗ ಸಪ್ಪಳವಾದರೆ ಬೆಚ್ಚುತ್ತಿದ್ದರು.

ಎಂಟು ತಿಂಗಳಿಗೆ ಪಾಲಿಕೆಯ ಚುನಾವಣೆ ಬಂತು. ಬಂದೂಕಿದ್ದ ಖೂಬಾ ಪ್ಲಾಟಿನ ವಕೀಲರಿಗೆ ನೋಟೀಸು ಬಂತು, ಕಪನೂರದ ಗಿರಣಿಯವರಿಗೂ ಬಂತು. ಸಾಹೇಬರು ಏನೂ ಆಗಿಲ್ಲದವರಂತೆ ಮೂರು ದಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದಿದರು. ಪೇಪರು ತಲೆಕೆಳಗಿತ್ತೆಂದು ಹಲೀಮಾ ಹೇಳಲಿಲ್ಲ.

ನಾಲ್ಕನೆಯ ದಿನ ಬಾಗಿಲ ಮುಂದೆ ಬೈಕು ನಿಂತಿತು. ಕಪಿಲ ಇಳಿದು, ನೆಟ್ಟಗೆ ನಿಂತು, ಕಾಗದ ತೆಗೆದು ಓದಿದ. "ಖಮರುದ್ದೀನ್, ತಂದೆ ಜಮಾಲುದ್ದೀನ್, ಸಾಕೀನ್ ಬ್ರಹ್ಮಪುರ. ನೀವೇನ್ರೀ?"

ಸಾಹೇಬರು ಎದ್ದು ನಿಂತರು. "ನಾನೇ ರೀ."

"ಮೇಡಮ್ ಕರದಾರ. ನಿಮ್ಮ ಹತ್ರ ಇರೋ ನಗಾರಾ ಛಾಪ್ ಡಬ್ಬಿ, ಮಾಲು ಸಮೇತ, ನಾಳಿ ಹನ್ನೊಂದು ಗಂಟಿಗಿ ತಪ್ಪದೇ ಠಾಣೆಗಿ ಹಾಜರ ಮಾಡಬೇಕು." ಆಮೇಲೆ ದನಿ ತಗ್ಗಿಸಿ ಹೇಳಿದ. "ಎಲೆಕ್ಷನ್ ಡ್ಯೂಟಿ ರೀ ಸಾಹೇಬ್ರ. ಠಾಣೆದಾಗೇ ಮಲಗೋದು, ಏಳೋದು. ಪೇಸ್ಟಿನಿಂದ ಮೇಡಮ್ಮರ ಹಲ್ಲು ಜುಮ್ ಅನ್ನಾಕತ್ತಾವಂತ."

ಮರುದಿನ ಶೇರವಾನಿ ಹೊರಗೆ ಬಂತು. ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ಸಾಹೇಬರು ಮುಂದಿನ ಬಜಾರಿನಿಂದಲೇ ಹೊರಟರು. ಯಾರೋ, "ಏನ್ರೀ ಸಾಹೇಬ್ರ, ಎಲ್ಲಿಗೆ?" ಎಂದರು. "ಏನ್ಮಾಡೋದ್ರೀ, ಸರಕಾರಕ್ಕ ಹಲ್ಲು ಬ್ಯಾನಿ" ಎಂದರು ಸಾಹೇಬರು. ಮುಕ್ಕಾಲು ತಾಸಿನ ದಾರಿ ಅಂದು ಒಂದು ತಾಸಾಯಿತು.

ಕಪಿಲ ರೂಢಿಯಂತೆ ರಸೀದಿ ಪುಸ್ತಕ ತೆಗೆದ. "ಡಬ್ಬಿ ಒಂದು, ಭರ್ತಿ. ಮಾಲಕರ ಹೆಸರು, ಖಮ..." ಎಂದು ಬರೆಯತೊಡಗಿದ.

"ನಿಲ್ರೀ," ಎಂದರು ಸಾಹೇಬರು. ಅವರ ಕಣ್ಣು ಆ ಕಾಗದದ ಮೇಲೆಯೇ ಇತ್ತು. "ಅದು ಹೊಡದುಹಾಕ್ರಿ. ಹಲೀಮಾ ಬೇಗಂ ಅಂತ ಬರೀರಿ. ನಾ ಬರೇ ಹೊತಕೊಂಡು ಬರಾಂವ."